ಎರಡು ಹೆಜ್ಜೆ ಬಲಕ್ಕೆ

ಗಾಲ್ಫ್ ಎಂದರೆ ಐದಾರು ಮೈಲಿ ನಡೆದು, ನಿಂಬೆಹಣ್ಣಿನಷ್ಟು ಚೆಂಡೊಂದನ್ನು ಹದಿನೆಂಟು ಕುಳಿಗಳಿಗೆ ಒಂದಾದ ಮೇಲೊಂದರಂತೆ ಬೀಳಿಸುವ ಆಟ. ಎಷ್ಟು ಕಡಿಮೆ ಹೊಡೆತಕ್ಕೆ ಬಿದ್ದರೆ ಅಷ್ಟು ಒಳ್ಳೆಯದು. ಬೀಳಿಸಿದವರ ಹೆಸರು ಪೇಪರಿನಲ್ಲಿ ಬರುತ್ತದೆ. ಕುಳಿ ತೋಡಿದವನ ಹೆಸರು ಅವನ ಹೆಂಡತಿಗೆ ಮಾತ್ರ ಗೊತ್ತಿರುತ್ತದೆ. ಅವಳೂ ಕೋಪ ಬಂದಾಗಷ್ಟೇ ಅದನ್ನು ಬಾಯಿಗೆ ತರುತ್ತಾಳೆ.

ಆ ಕ್ಲಬ್ಬಿನಲ್ಲಿ ಮೂವತ್ತೊಂದು ವರ್ಷದಿಂದ ಕುಳಿ ತೋಡುತ್ತಿದ್ದವನನ್ನು ಎಲ್ಲರೂ ಕುಳಿ ಮಾಮ ಎನ್ನುತ್ತಿದ್ದರು. ಒಂದೇ ಕಡೆ ಕುಳಿ ಇದ್ದರೆ ಸುತ್ತಲಿನ ಹುಲ್ಲು ಕಾಲ್ತುಳಿತಕ್ಕೆ ಸಾಯುತ್ತದೆ, ಹಾಗಾಗಿ ಬೆಳಗಾದರೆ ಜಾಗ ಬದಲಿಸಬೇಕು. ಎರಡು ಹಿಡಿಯ ಉಕ್ಕಿನ ಕೊಳವೆಯನ್ನು ನೆಲಕ್ಕಿಟ್ಟು ತಿರುಚಿ ತಿರುಚಿ ಗೇಣುದ್ದ ಇಳಿಸಿ, ಹುಲ್ಲುಸಮೇತ ಮಣ್ಣಿನ ಹೆಂಟೆಯನ್ನು ಇಡಿಯಾಗಿ ಎತ್ತಬೇಕು. ಹಳೆಯ ಕುಳಿಯೊಳಗಿನ ಡಬ್ಬಿಯನ್ನು ಕೊಕ್ಕೆಯಿಂದ ಕಿತ್ತು ಹೊಸ ಕುಳಿಗೆ ಕೂರಿಸಬೇಕು. ಎತ್ತಿದ ಹೆಂಟೆಯನ್ನು ಹಳೆಯ ಗುಂಡಿಗೆ ತುಂಬಿ, ಅಂಗೈಯಿಂದ ಒತ್ತಿ, ನೀರು ಹನಿಸಿ, ಇಲ್ಲೊಂದು ಗುಂಡಿ ಇತ್ತೆಂಬುದೇ ತಿಳಿಯದಂತೆ ಮಾಡಬೇಕು. ಇಷ್ಟನ್ನು ಹದಿನೆಂಟು ಸಲ, ಮೊದಲ ಆಟಗಾರ ಕಣ್ಣುಜ್ಜಿಕೊಂಡು ಬರುವುದರೊಳಗೆ. ಕುಳಿ ಮಾಮನ ಮಂಡಿಗಳು ಈಚೆಗೆ ಮೊದಲ ಮೂರಕ್ಕೇ ಮುಷ್ಕರ ಹೂಡುತ್ತಿದ್ದವು. ಉಳಿದ ಹದಿನೈದನ್ನು ಅವನು ಬರೀ ಅಭ್ಯಾಸಬಲದಿಂದ ಮುಗಿಸುತ್ತಿದ್ದ.

ಕೆಲಸ ಕಲಿಸಿದ ಮುದುಕ ಒಂದೇ ಒಂದು ಪಾಠ ಹೇಳಿಕೊಟ್ಟಿದ್ದ. "ಕುಳಿ ಸುತ್ತ ಒಂದು ಹೆಜ್ಜೆ ನೆಲ ಸಮ ಇರ್ಬೇಕು ಕಣಯ್ಯ. ಚೆಂಡು ತಪ್ಪಿದ್ರೆ ಆಡೋನ ಕೈಯಿಂದ ತಪ್ಪಲಿ, ನಿನ್ನ ಕೈಯಿಂದ ತಪ್ಪಬಾರದು." ಮೂವತ್ತೊಂದು ವರ್ಷ ಕುಳಿ ಮಾಮ ಆ ಮಾತು ಮೀರಿರಲಿಲ್ಲ. ಮೀರಿದ ಒಂದು ದಿನದ ಕಥೆ ಇದು.

ಆ ವರ್ಷ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರ ಅಂತರರಾಷ್ಟ್ರೀಯ ತಂಡ ಪಂದ್ಯ ಆ ಕ್ಲಬ್ಬಿಗೆ ಬಂದಿತ್ತು. ಹದಿನಾರು ದೇಶ, ಒಂದೊಂದು ತಂಡಕ್ಕೆ ನಾಲ್ವರು, ಮೂರು ದಿನ ಆಟ. ದಿನದ ಕೊನೆಗೆ ನಾಲ್ವರಲ್ಲಿ ಚೆನ್ನಾಗಿ ಆಡಿದ ಮೂವರ ಹೊಡೆತಗಳನ್ನಷ್ಟೇ ಕೂಡುತ್ತಾರೆ, ನಾಲ್ಕನೆಯವರದನ್ನು ಬಿಟ್ಟುಬಿಡುತ್ತಾರೆ. ಆತಿಥೇಯ ತಂಡದ ನಾಲ್ಕನೆಯವಳು ಕುಳಿ ಮಾಮನ ಮಗಳು.

ಅವಳು ಆಟ ಕಲಿತದ್ದೇ ಅಪ್ಪನ ಹಿಂದೆ ಓಡಾಡುತ್ತ. ಯಾರೋ ಎಸೆದ ಪಟರ್ ಕೋಲನ್ನು ಅಪ್ಪ ಅರ್ಧಕ್ಕೆ ಕತ್ತರಿಸಿ ಕೊಟ್ಟಿದ್ದ. ಕುಳಿಯ ಹತ್ತಿರ ಬಂದ ಮೇಲೆ ಚೆಂಡನ್ನು ಮೆಲ್ಲಗೆ ಉರುಳಿಸುವ ಹೊಡೆತಕ್ಕೆ ಪಟ್ ಎನ್ನುತ್ತಾರೆ, ಆ ಕೋಲು ಅದಕ್ಕೆ. ಎಡದಿಂದ ಬಲಕ್ಕೆ ಇಳಿಜಾರಿದ್ದರೆ ಮಾತ್ರ ಚಿಕ್ಕಂದಿನಿಂದಲೂ ಅವಳ ಮಣಿಕಟ್ಟು ಬಿಗಿಯುತ್ತಿತ್ತು; ಚೆಂಡು ಕುಳಿಯ ಬಲಗಡೆ ಸವರಿಕೊಂಡು ಹೋಗುತ್ತಿತ್ತು. ಅದು ಲೋಕದಲ್ಲಿ ಇಬ್ಬರಿಗೇ ಗೊತ್ತಿದ್ದ ಗುಟ್ಟು.

ಅವಳು ತಂಡಕ್ಕೆ ಆಯ್ಕೆಯಾದ ದಿನ ಕ್ಲಬ್ಬಿನ ಹಳೆಯ ಸದಸ್ಯನೊಬ್ಬ, ಸದಾ ಕುತ್ತಿಗೆಗೆ ಬೈನಾಕ್ಯುಲರ್ ನೇತುಹಾಕಿಕೊಂಡು ಇತರರ ಆಟದಲ್ಲಿ ಹುಳುಕು ಹುಡುಕುತ್ತ ಕೂರುವವನು, ಚಹಾ ಹೀರುತ್ತ ಅಂದ: "ಕುಳಿ ಅಪ್ಪಂದು, ಚೆಂಡು ಮಗಳದು. ಬೇಲೀನೇ ಎದ್ದು ಹೊಲ ಮೇಯದ ಹಾಗೆ ನೋಡ್ಕೊಳ್ಳಿ ಮಾರಾಯ್ರೇ." ಸುತ್ತ ಕೂತವರು ನಕ್ಕರು, ಮರೆತರು. ಕುಳಿ ಮಾಮ ಮರೆಯಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಲ್ಲಿ ಎರಡು ಜಾತಿ. ಒಬ್ಬ ಕದ್ದವನು. ಇನ್ನೊಬ್ಬ ಜನ್ಮದಲ್ಲಿ ಕದಿಯದೆ, ಕದ್ದೆನೆಂದು ಯಾರಾದರೂ ತಿಳಿದಾರೆಂಬ ಹೆದರಿಕೆಯಲ್ಲೇ ಬದುಕುವವನು. ಕುಳಿ ಮಾಮ ಎರಡನೆಯ ಜಾತಿ.

ಅಂದಿನಿಂದ ಮನೆಯಲ್ಲಿ ಗಾಲ್ಫಿನ ಮಾತು ಬಂದ್. ನಾಲ್ಕು ತಿಂಗಳು! ಒಂದು ಸಂಜೆ ಮಗಳು ಪಟರ್ ಹಿಡಿದು ಬಂದಳು. "ಅಪ್ಪಾ, ಒಂದೇ ಒಂದ್ಸಲ ನನ್ನ ಕೈ ನೋಡು. ಮತ್ತೆ ಬಿಗೀತಿದೆ."

"ಪಂದ್ಯ ಮುಗೀಲಿ."

"ಪಂದ್ಯ ಮುಗಿದ್ಮೇಲೆ ಕೈ ಕಟ್ಕೊಂಡು ಏನು ಮಾಡ್ಲಿ?"

ಅವನು ಎದ್ದು ಹೋಗಿ, ಸೋರದ ನಲ್ಲಿಯನ್ನು ರಿಪೇರಿ ಮಾಡತೊಡಗಿದ.

ಪಂದ್ಯಕ್ಕೆ ಹತ್ತು ದಿನ ಇರುವಾಗ ಹಾಸಿಗೆ ಸುತ್ತಿಕೊಂಡು ಕ್ಲಬ್ಬಿನ ಸಾಮಾನು ಕೋಣೆಗೇ ಹೋಗಿಬಿಟ್ಟ. ಹುಲ್ಲು ಕತ್ತರಿಸುವ ಯಂತ್ರಗಳ ನಡುವೆ ಒಂದು ಮಡಿಸುವ ಮಂಚ, ಎಣ್ಣೆ ಮತ್ತು ಒಣಹುಲ್ಲಿನ ವಾಸನೆ, ಕಿಟಕಿಯಲ್ಲಿ ಅರ್ಧ ಒಡೆದ ಕನ್ನಡಿ. ಹೆಂಡತಿ ಬಟ್ಟೆ ಹೊಲಿಯುವ ಅಂಗಡಿಯಲ್ಲಿ ಕೆಲಸ ಮಾಡುವವಳು. ಕತ್ತರಿಗಿಂತ ನಾಲಿಗೆ ಹರಿತ. ಊಟದ ಡಬ್ಬಿ ತಂದುಕೊಟ್ಟು ಬಾಗಿಲಲ್ಲೇ ನಿಂತು ಹೇಳಿದಳು: "ಊರ ಬಾಯಿಗೆ ಹೆದರಿ ಮನೆ ಬಿಟ್ಟವರನ್ನ ಇವತ್ತೇ ನೋಡಿದ್ದು. ನ್ಯಾಯ ನ್ಯಾಯ ಅಂತ ಮಗಳ ಕುತ್ತಿಗೆ ಕೊಯ್ಯಬೇಡಿ, ಅಷ್ಟು ಮಾಡಿ ಸಾಕು."

"ನಿನಗೆ ಗೊತ್ತಾಗಲ್ಲ ಬಿಡೇ."

"ಹೌದು, ನನಗೇನು ಗೊತ್ತಾಗುತ್ತೆ. ನಾನು ಬರೀ ಹೆತ್ತವಳು."

ಎರಡು ದಿನ ಆಟ ಮುಗಿಯಿತು. ಎರಡು ದಿನವೂ ತಂಡದ ನಾಲ್ವರಲ್ಲಿ ಹೆಚ್ಚು ಹೊಡೆತ ಮಗಳದೇ. ಎರಡು ದಿನವೂ ಬಿಟ್ಟದ್ದು ಅವಳ ಅಂಕವನ್ನೇ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಮಕ್ಕಳನ್ನು ರೇಗಿಸುತ್ತಾರಲ್ಲ, ಆ ಮಾತನ್ನು ಫಲಕದ ಮೇಲೆ ಹಲವು ದೇಶಗಳೆದುರು ಬರೆದು ತೂಗುಹಾಕಿದಂತಾಯಿತು. ಎರಡನೆಯ ಸಂಜೆ ಅವಳು ಒಬ್ಬಳೇ ಫಲಕದ ಮುಂದೆ ನಿಂತಿದ್ದನ್ನು ಕುಳಿ ಮಾಮ ನೀರಿನ ಟ್ಯಾಂಕಿನ ಮರೆಯಿಂದ ನೋಡಿದ. ಹೋಗಿ ಬೆನ್ನು ತಟ್ಟಬೇಕೆನಿಸಿತು. ಆದರೂ ಹೋಗಲಿಲ್ಲ, ಸುತ್ತ ಜನ ಇದ್ದರು.

ತಂಡ ನಾಲ್ಕನೆಯ ಸ್ಥಾನದಲ್ಲಿತ್ತು. ಈ ಪಂದ್ಯದಲ್ಲಿ ದೇಶದ ತಂಡ ಹಿಂದೆಂದೂ ಪದಕದ ಹತ್ತಿರವೂ ಸುಳಿದಿರಲಿಲ್ಲ. ಮಗಳದು ಓದಿನ ಕೊನೆಯ ವರ್ಷ. ನಾಳೆ ಬಿಟ್ಟರೆ ಅವಳಿಗೆ ಇನ್ನೊಂದು ದಿನ ಇರಲಿಲ್ಲ.

ಇಂಥ ಪಂದ್ಯಗಳಲ್ಲಿ ಕುಳಿ ಎಲ್ಲಿರಬೇಕೆಂದು ರೆಫರಿ ಹಿಂದಿನ ಸಂಜೆಯೇ ನೋಡಿ ನೆಲಕ್ಕೆ ಬಿಳಿ ಬಣ್ಣದ ಚುಕ್ಕೆ ಇಡುತ್ತಾರೆ. ತೋಡುವವನು ಚುಕ್ಕೆಯ ಮೇಲೆ ಕೊಳವೆ ಇಳಿಸಿದರಾಯಿತು, ತಲೆ ಓಡಿಸುವ ಹಾಗಿಲ್ಲ. ಇದೇ ಕಾರಣಕ್ಕೆ ರೆಫರಿ ಮೇಡಂ ಮೊದಲ ದಿನವೇ ಅವನ ಅಳುಕಿಗೆ ನಕ್ಕಿದ್ದರು. "ಜಾಗ ನೋಡೋದು ನಾನು, ತೋಡೋದು ನೀವು. ನಿಮ್ಮ ಮಗಳು ಆಡಿದ್ರೆ ನಿಮಗ್ಯಾಕೆ ಭಯ?"

ಮೂರನೆಯ ದಿನ ನಸುಕಿನಲ್ಲಿ ಹದಿನೇಳು ಕುಳಿ ಮುಗಿಸಿ, ಸೊಂಟ ಹಿಡಿದುಕೊಂಡು ಹದಿನೆಂಟನೆಯ ಗ್ರೀನಿಗೆ ಬಂದ. ಗ್ರೀನ್ ಎಂದರೆ ಕುಳಿ ಇರುವ, ಚಾಪೆಯಂತೆ ನುಣ್ಣಗೆ ಕತ್ತರಿಸಿದ ಹುಲ್ಲಿನ ಜಾಗ. ಚುಕ್ಕೆ ಸಿಕ್ಕಿತು. ಕಾಲಲ್ಲಿ ಒತ್ತಿದ. ನೆಲ ಮೆತ್ತಗೆ ಕುಸಿಯಿತು. ಎರಡು ವಾರದ ಹಿಂದಿನ ಕುಳಿಯ ಹೆಂಟೆ ಅಲ್ಲಿ ಇನ್ನೂ ಬೇರು ಹಿಡಿದಿರಲಿಲ್ಲ. ಸಂಜೆಯ ಮಸುಕಿನಲ್ಲಿ ಮೇಡಂ ಕಣ್ಣಿಗೆ ಬಿದ್ದಿಲ್ಲ. ಅದರ ಮೇಲೆ ತೋಡಿದರೆ ಮಧ್ಯಾಹ್ನದೊಳಗೆ ಕುಳಿಯ ಬಾಯಿ ಕಿತ್ತುಹೋಗುತ್ತದೆ.

ವಾಕಿಟಾಕಿಯಲ್ಲಿ ಹೇಳಿದ. ಮೇಡಂ ದೂರದ ಎರಡನೆಯ ಕುಳಿಯ ಬಳಿ ಇದ್ದರು. "ಎರಡು ಹೆಜ್ಜೆ ಆಚೆ ಈಚೆ ತಗೊಳ್ಳಿ ಕುಳಿ ಮಾಮ. ಯಾವ ಕಡೆ ಅಂತ ನಿಮ್ಮ ಕೈಗೇ ಗೊತ್ತು."

"ನೀವೇ ಬಂದು ನೋಡಿ ಹೇಳಿದ್ರೆ..."

"ಮೊದಲ ಗುಂಪು ಹೊರಡ್ತಿದೆ. ನಿಮಗೆ ಗೊತ್ತಿಲ್ಲದ್ದು ನನಗೇನು ಗೊತ್ತಿದೆ? ತೋಡಿಬಿಡಿ."

ಹಿಂದೆ ನೀರಿನ ಕೊಳ, ಮುಂದೆ ಮರಳಿನ ಗುಂಡಿ. ಎಡಕ್ಕೆ ಎರಡು ಹೆಜ್ಜೆ, ಇಲ್ಲವೇ ಬಲಕ್ಕೆ ಎರಡು ಹೆಜ್ಜೆ. ಎಡಕ್ಕೆ ನೆಲ ಅಂಗೈಯಂತೆ ಸಮ. ಮುದುಕ ಬದುಕಿದ್ದರೆ ಕಣ್ಣು ಮುಚ್ಚಿ ಅಲ್ಲೇ ತೋಡುತ್ತಿದ್ದ. ಬಲಕ್ಕೆ ನೆಲ ಜಾರುತ್ತಿತ್ತು, ಆಟಗಾರರು ಬರುವ ಕಡೆಯಿಂದ ನೋಡಿದರೆ ಎಡದಿಂದ ಬಲಕ್ಕೆ.

ಕುಳಿ ಮಾಮ ಕೊಳವೆಯನ್ನು ಎಡಗಡೆ ನೆಲಕ್ಕೆ ಇಟ್ಟ. ಎರಡು ಹಿಡಿಯ ಮೇಲೂ ಕೈ ಇಟ್ಟ. ಅಷ್ಟರಲ್ಲಿ ಬೈನಾಕ್ಯುಲರ್ ಸಾಹೇಬ ನೆನಪಾದ. ಮಗಳು ಇಲ್ಲಿ ಪಟ್ ಬೀಳಿಸುತ್ತಾಳೆ, ತಂಡ ಗೆಲ್ಲುತ್ತದೆ, ರೆಫರಿ ಇಟ್ಟ ಚುಕ್ಕೆ ಬಿಟ್ಟು ಅಪ್ಪ ಸಮತಟ್ಟು ಜಾಗ ಹುಡುಕಿಕೊಟ್ಟ ಎಂದು ಬೈನಾಕ್ಯುಲರ್ ಚಹಾ ಹೀರುತ್ತ ಹೇಳುತ್ತಾನೆ. ಮೂವತ್ತೊಂದು ವರ್ಷದ ಮರ್ಯಾದೆ ಒಂದು ಲೋಟ ಚಹಾದಲ್ಲಿ ಕರಗುತ್ತದೆ. ಬಲಗಡೆ ತೋಡಿದರೆ? ಮಗಳಿಗೇ ಕಷ್ಟ. ಆಮೇಲೆ ಯಾರ ಬಾಯಿಗೂ ಮಾತಿರುವುದಿಲ್ಲ.

ಅವನಿಗೆ ಬಹಳ ದಣಿವಾಗಿತ್ತು. ನಾಲ್ಕು ತಿಂಗಳು ಹೆದರಿ ಹೆದರಿ ದಣಿದಿದ್ದ. ದಣಿದವನಿಗೆ ಸರಿಯಾದ ದಾರಿಗಿಂತ ಯಾರೂ ಪ್ರಶ್ನೆ ಕೇಳದ ದಾರಿ ಹತ್ತಿರ. ಕೊಳವೆ ಎತ್ತಿಕೊಂಡು ಚುಕ್ಕೆ ದಾಟಿ ಬಲಕ್ಕೆ ಎರಡು ಹೆಜ್ಜೆ ಇಟ್ಟ, ತೋಡಿದ. ಬಾವುಟದ ಕೋಲು ನೆಟ್ಟು ತಿರುಗಿ ನೋಡದೆ ಹೋದ.

ಬೆಳಗಿನಿಂದ ಹದಿನೆಂಟನೆಯ ಗ್ರೀನಿನಲ್ಲಿ ಗೊಣಗಾಟ ಶುರುವಾಯಿತು. ಒಬ್ಬ ಹುಡುಗನ ಚೆಂಡು ಕುಳಿಯ ಅಂಚಿನವರೆಗೆ ಬಂದು, ಮನಸ್ಸು ಬದಲಿಸಿ, ಆರು ಅಡಿ ಕೆಳಗೆ ಉರುಳಿತು. ಒಬ್ಬಳು ಮೂರು ಸಲ ತಟ್ಟಿ ಅತ್ತೇಬಿಟ್ಟಳು. ಕುಳಿ ಮಾಮ ಪೊದೆ ಕತ್ತರಿಸುವ ನೆಪದಲ್ಲಿ ಹತ್ತಿರವೇ ಇದ್ದ. ಒಂದೊಂದು ಚೆಂಡು ಜಾರಿದಾಗಲೂ ಕತ್ತರಿ ತಪ್ಪಿ ಒಳ್ಳೆಯ ಕೊಂಬೆಯನ್ನೇ ಕತ್ತರಿಸುತ್ತಿತ್ತು. ರೆಫರಿ ಮೇಡಂ ಬಂದು ನೋಡಿ ಹುಬ್ಬು ಗಂಟಿಕ್ಕಿದರು. "ಸ್ವಲ್ಪ ಬಿಗಿ ಆಯ್ತಲ್ಲಾ ಕುಳಿ ಮಾಮ?" ಎಂದರು. ಎಲ್ಲರಿಗೂ ಒಂದೇ ಕುಳಿ ಎಂದು ತಾವೇ ಸಮಾಧಾನ ಹೇಳಿಕೊಂಡು ಹೋದರು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು. ಆತಿಥೇಯ ತಂಡದ ಇಬ್ಬರು ಚೆನ್ನಾಗಿ ಆಡಿ ಮುಗಿಸಿದ್ದಾರೆ. ಮೂರನೆಯವನು, ತಂಡದ ನಾಯಕ, ಕೊಳಕ್ಕೆ ಎರಡು ಚೆಂಡು ದಾನ ಮಾಡಿ ಎಂಬತ್ತೊಂದು ಹೊಡೆತಕ್ಕೆ ಮುಗಿಸಿದ್ದಾನೆ. ಕೊನೆಯ ಗುಂಪಿನಲ್ಲಿ ಮಗಳು. ಅವಳು ಯಾವತ್ತೂ ಆಡದ ಹಾಗೆ ಆಡುತ್ತಿದ್ದಾಳೆ. ಇಂದು ಬಿಟ್ಟುಬಿಡುವುದು ನಾಯಕನ ಅಂಕವನ್ನು. ಅವಳದು ಲೆಕ್ಕಕ್ಕೆ ಬಂದೇ ಬಂತು. ಮೂರನೆಯ ಸ್ಥಾನದ ತಂಡ ಆಗಲೇ ಆಟ ಮುಗಿಸಿ ಕೂತಿದೆ. ಮಗಳು ಎಪ್ಪತ್ತನಾಲ್ಕರಲ್ಲಿ ಮುಗಿಸಿದರೆ ಎರಡೂ ತಂಡ ಸಮ, ಇಬ್ಬರಿಗೂ ಕಂಚು. ಎಪ್ಪತ್ತೈದಾದರೆ ಇವರು ನಾಲ್ಕನೆಯವರು, ಬರಿಗೈ.

ಅವಳು ಹದಿನೆಂಟನೆಯ ಗ್ರೀನಿಗೆ ಬಂದಾಗ ಎಪ್ಪತ್ತಮೂರು ಹೊಡೆತ ಆಗಿತ್ತು. ಚೆಂಡು ಕುಳಿಯಿಂದ ಐದಡಿ ದೂರ. ಒಂದೇ ಪಟ್.

ಅವಳು ಚೆಂಡಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ನೆಲ ನೋಡಿದಳು. ಕುಳಿ ತೋಡುವವನ ಮಗಳು; ನೆಲವನ್ನು ಅಕ್ಷರಕ್ಕಿಂತ ಮೊದಲು ಓದಲು ಕಲಿತವಳು. ಬಲಕ್ಕೆ ಜಾರುವ ಇಳಿಜಾರು ಕಂಡಳು. ಕುಳಿಯ ಎಡಕ್ಕೆ ಎರಡು ಹೆಜ್ಜೆಯಲ್ಲಿ, ಕುಸಿದ ಹಳೆಯ ಹೆಂಟೆಯ ಮೇಲೆ ಅಳಿಸಿಹೋಗದ ಬಿಳಿ ಚುಕ್ಕೆ ಕಂಡಳು. ಅದರಾಚೆ ಸಮತಟ್ಟಾದ ನೆಲವನ್ನೂ ಕಂಡಳು. ಒಂದು ಗಳಿಗೆ ತಲೆ ಎತ್ತಿ ಪೊದೆಯ ಕಡೆ ನೋಡಿದಳು. ಕುಳಿ ಮಾಮ ಕತ್ತರಿ ಕೆಳಗಿಟ್ಟ.

ಬಿಗಿಯಬೇಡ ಮಗಳೇ, ಮಣಿಕಟ್ಟು ಬಿಡು, ಎಡಕ್ಕೆ ಇನ್ನೊಂದು ಚೂರು ಎಡಕ್ಕೆ, ಎಂದು ಅವನು ಒಳಗೇ ಬೇಡಿಕೊಂಡ. ಆ ಸಂಜೆ ಪಟರ್ ಹಿಡಿದು ಬಂದು ಅವಳು ಕೇಳಿದಾಗ ಹೇಳಬಹುದಿದ್ದ ಮಾತು.

ಅವಳು ತಟ್ಟಿದಳು. ಚೆಂಡು ಕುಳಿಯ ಬಲಗಡೆ ಸವರಿಕೊಂಡು ಹೋಯಿತು.

ಆಚೆಯಿಂದ ಇನ್ನೊಮ್ಮೆ ತಟ್ಟಿ ಬೀಳಿಸಿದಳು. ಎಪ್ಪತ್ತೈದು. ಮೂರು ದಿನದಲ್ಲಿ ಮೊದಲ ಸಲ ಅವಳ ಅಂಕ ಲೆಕ್ಕಕ್ಕೆ ಬಂತು, ಅದೂ ಒಂದೇ ಒಂದು ಹೊಡೆತಕ್ಕೆ ಪದಕ ತಪ್ಪಿಸುವುದಕ್ಕೆ. ಜೊತೆಯವರು ಬಂದು ತಬ್ಬಿಕೊಂಡರು, ಪರವಾಗಿಲ್ಲ ಎಂದರು. ಅವಳೂ ಪರವಾಗಿಲ್ಲ ಎಂದಳು.

ಕುಳಿ ಮಾಮ ಸಾಮಾನು ಕೋಣೆಗೆ ಬಂದು ಸುಮ್ಮನೆ ಕೊಳವೆ ಒರೆಸುತ್ತ ಕೂತ. ಚಹಾ ಕ್ಯಾಂಟೀನಿನವನು ಖಾಲಿ ಲೋಟಕ್ಕೆಂದು ಬಂದಾಗ ತಡೆಯಲಾರದೆ ಕೇಳಿದ: "ಬೈನಾಕ್ಯುಲರ್ ಸಾಹೇಬ್ರು ಏನಂದ್ರು ಇವತ್ತು?"

"ಅವರೆಲ್ಲಿ ಬಂದ್ರು? ಹಲ್ಲುನೋವಂತೆ. ಮೊದಲನೇ ದಿನದಿಂದಾನೂ ಬಂದಿಲ್ಲ."

ಕ್ಯಾಂಟೀನಿನವನು ಲೋಟ ತೆಗೆದುಕೊಂಡು ಹೋದ. ಕುಳಿ ಮಾಮ ಒರೆಸಿದ್ದನ್ನೇ ಮತ್ತೆ ಒರೆಸಿದ.

ಸ್ವಲ್ಪ ಹೊತ್ತಿಗೆ ಮಗಳು ಬಂದಳು. ಆಟದ ಚೀಲವನ್ನು ಬಾಗಿಲಿಗೆ ಆನಿಸಿ, ಮರಳಿನ ಮೂಟೆಯ ಮೇಲೆ ಕುಸಿದು ಕೂತಳು. ಮುಖ ಬಿಸಿಲಿಗೆ ಕಂದಿತ್ತು. ಅತ್ತಿರಲಿಲ್ಲ, ಅಳುವಷ್ಟು ತ್ರಾಣವೂ ಇದ್ದಂತಿರಲಿಲ್ಲ.

"ಚುಕ್ಕೆ ಹಳೇ ಹೆಂಟೆ ಮೇಲೆ ಬಿದ್ದಿತ್ತು, ಅಲ್ವಾ ಅಪ್ಪಾ?"

"ಹೂಂ."

"ಎಡಕ್ಕೆ ನೆಲ ಸಮ ಇತ್ತು."

"ಇತ್ತು."

"ಮೇಡಂ ಬಲಕ್ಕೆ ಅಂದ್ರಾ?"

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. "ಇಲ್ಲ. ನಾನೇ ತೋಡಿದ್ದು," ಎಂದ. "ಎಡಕ್ಕೆ ತೋಡಿದ್ರೆ ಮಗಳಿಗೋಸ್ಕರ ಅಂತ ಜನ ಏನಾದ್ರೂ ಅಂದಾರು ಅಂತ..."

"ಜನ ಏನಂದ್ರು?"

"ಏನೂ ಅನ್ನಲಿಲ್ಲ."

ಹೊರಗೆ ಬಹುಮಾನ ಕೊಡುತ್ತಿದ್ದರು. ಮೈಕಿನಲ್ಲಿ ಮೂರನೆಯ ಸ್ಥಾನದ ದೇಶದ ಹೆಸರು ಕೇಳಿಸಿತು, ಚಪ್ಪಾಳೆ ಕೇಳಿಸಿತು. ಚಪ್ಪಾಳೆ ಮುಗಿಯುವವರೆಗೂ ಮಗಳು ಕಾದಳು.

"ನಾನು ಬೇರೆ ಯಾರದೋ ಮಗಳಾಗಿದ್ದಿದ್ರೆ ಎಲ್ಲಿ ತೋಡ್ತಿದ್ದೆ?"

"ಎಡಕ್ಕೆ."

ಅವಳು ತಲೆಯಾಡಿಸಿದಳು. ಕೋಪ ಇರಲಿಲ್ಲ. ಕೋಪ ಬಂದಿದ್ದರೆ ಅವನಿಗೂ ಆರಾಮವಾಗುತ್ತಿತ್ತು, ತಿರುಗಿ ಏನಾದರೂ ಅನ್ನಬಹುದಿತ್ತು. "ನಾಲ್ಕು ತಿಂಗಳಿಂದ ಮನೇಲಿ ಬೇರೆಯವರ ಮಗಳ ಹಾಗೇ ಇದ್ದೆನಲ್ಲ ಅಪ್ಪಾ," ಎಂದಳು. "ಕೈ ನೋಡು ಅಂದ್ರೆ ನೋಡ್ಲಿಲ್ಲ. ಎದುರಿಗೆ ಬಂದ್ರೆ ದಾರಿ ಬದಲಿಸ್ದೆ. ಕುಳಿ ತೋಡೋವಾಗ ಮಾತ್ರ ನಿನ್ನ ಮಗಳಾಗಿಬಿಟ್ಟೆನಾ?"

ಚೆಂಡು ನಿನ್ನ ಕೈಯಿಂದ ತಪ್ಪಬಾರದು ಎಂದ ಮುದುಕನ ಮಾತು ಕುಳಿ ಮಾಮನ ಕಿವಿಯಲ್ಲಿತ್ತು. ತಪ್ಪು ಮಾಡಿದೆ ಎಂದು ಹೇಳಬೇಕೆಂದುಕೊಂಡ. ಅದು ಬಾಯಿಂದ ಹೊರಟದ್ದು ಹೀಗೆ: "ಊಟ ಮಾಡಿದ್ಯಾ?"

"ಇಲ್ಲ."

"ನಡಿ, ಮನೆಗೆ ಹೋಗೋಣ."

ಮಂಚ ಮಡಿಸಿ ಗೋಡೆಗೆ ಒರಗಿಸಿದ. ಹಾಸಿಗೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ಇನ್ನೊಂದು ಹೆಗಲಿಗೆ ಅವಳ ಚೀಲ ಏರಿಸಿದ. ಕೆಲಸದವರು ಓಡಾಡುವ ಹಿಂಬಾಗಿಲು ಹತ್ತಿರವೇ ಇತ್ತು. ಮೂವತ್ತೊಂದು ವರ್ಷ ಅವನು ಅದರಲ್ಲೇ ಬಂದು ಅದರಲ್ಲೇ ಹೋಗಿದ್ದ. ಈ ಸಲ ಮುಂದಿನ ದಾರಿ ಹಿಡಿದ. ಹೂವಿನ ಕುಂಡಗಳ ನಡುವೆ ಹದಿನಾರು ದೇಶದ ಹುಡುಗ ಹುಡುಗಿಯರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕ್ಲಬ್ಬಿನ ಸದಸ್ಯರಿದ್ದರು, ಸೆಕ್ರೆಟರಿ ಇದ್ದರು, ರೆಫರಿ ಮೇಡಂ ಇದ್ದರು. ಹಾಸಿಗೆ, ಚೀಲ, ಹಿಂದೆ ಮುಂದೆ ನಡೆಯುವ ಅಪ್ಪ ಮಗಳನ್ನು ಕಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟರು, ಮತ್ತೆ ಫೋಟೋಗೆ ನಿಂತರು. ಜನರೆದುರು ಮಗಳ ಜೊತೆ ನಡೆಯುವುದು ಇಷ್ಟೇ ಸುಲಭವಿತ್ತು.

ಮಗಳು ನಾಲ್ಕು ಹೆಜ್ಜೆ ಮುಂದೆ ಹೋಗುತ್ತಿದ್ದಳು. ಗೇಟಿನ ಹತ್ತಿರ ನಿಂತು, ತಿರುಗದೆಯೇ ಕೇಳಿದಳು: "ಭಾರ ಇದ್ಯಾ?"

"ಇದೆ."

"ಕೊಡು ಇಲ್ಲಿ."

"ಬೇಡ."

ಅವಳು ಮತ್ತೆ ಕೇಳಲಿಲ್ಲ. ಅವನ ಮಂಡಿ ನೋಯುತ್ತಿತ್ತು. ಬಸ್ ಸ್ಟಾಪಿನವರೆಗೂ ಅವನೇ ಹೊತ್ತ.